ವಿಯಾಮಿಲ್‌ನ ಮೊಮ್ಮಗ

ಸ್ಪೇನಿನ ಕಾದಂಬರಿಕಾರ ಬೆನಿತೊ ಪೆರೆಸ್ ಗಾಲ್ದೋಸ್ ಬಗ್ಗೆ ನಾನು ಬರೆದ ಪುಸ್ತಕ ಅಚ್ಚಾಗಲಿಲ್ಲ. ಪ್ರಕಾಶಕರು ಒಪ್ಪಿದ್ದರು. ಕರಡು ತಿದ್ದುವ ಹಂತದಲ್ಲಿ ನಾನೇ ವಾಪಸು ತೆಗೆದುಕೊಂಡೆ. ಅದರಲ್ಲಿ ಇಸವಿಗಳು ತಪ್ಪಿರಲಿಲ್ಲ, ಹೆಸರುಗಳು ತಪ್ಪಿರಲಿಲ್ಲ, ಹೇಳಿದ ಘಟನೆಗಳೆಲ್ಲ ನಡೆದವೇ. ಆದರೂ ಅದು ಸುಳ್ಳು ಪುಸ್ತಕ. ನಿಜವಾದ ಸಂಗತಿಗಳನ್ನೇ ಆರಿಸಿ ಆರಿಸಿ ಜೋಡಿಸಿ ಆ ಸುಳ್ಳನ್ನು ಕಟ್ಟಿದ್ದೆ. ಅದು ಹೇಗಾಯಿತೆಂದು ಈಗ ಬರೆಯುತ್ತಿದ್ದೇನೆ. ತನಗೆ ಅನ್ಯಾಯವಾಯಿತೆಂಬ ಭಾವವನ್ನು ವರ್ಷಗಟ್ಟಲೆ ಹೊತ್ತು ತಿರುಗಿದವರು ಯಾರಾದರೂ ಓದಿದರೆ ಅವರಿಗೆ ಉಪಯೋಗವಾದೀತು.

ನಾನು ರಾಜ್ಯ ಸರ್ಕಾರದ ಇಲಾಖೆಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ, ಪ್ರಥಮ ದರ್ಜೆಯಲ್ಲೇ ನಿವೃತ್ತನಾದವನು. ಸೂಪರಿಂಟೆಂಡೆಂಟ್ ಹುದ್ದೆ ನನ್ನ ಕೈತಪ್ಪಿ, ನನಗಿಂತ ತಡವಾಗಿ ಸೇವೆಗೆ ಸೇರಿದವರೊಬ್ಬರಿಗೆ ಹೋಯಿತು. ಅಲ್ಲಿಂದ ಮುಂದೆ ನನ್ನ ಬದುಕು ಜ್ಯೇಷ್ಠತಾ ಪಟ್ಟಿಯ ಸುತ್ತಲೇ ತಿರುಗಿತು. ಆಕ್ಷೇಪಣೆ ಸಲ್ಲಿಸಿದೆ, ಮನವಿ ಕೊಟ್ಟೆ, ಮೇಲ್ಮನವಿ ಕೊಟ್ಟೆ, ನೆನಪೋಲೆಗಳನ್ನು ಕಳಿಸಿದೆ. ಪ್ರತಿಯೊಂದಕ್ಕೂ ವಿಷಯ, ಉಲ್ಲೇಖ, ಅಡಕಗಳು. ಮನೆಗೆ ಯಾರಾದರೂ ಬಂದರೆ ಒಳಗಿಂದ ಕಾಫಿ ಬರುವುದರೊಳಗೆ ನನ್ನ ಕಥೆ ಶುರುವಾಗುತ್ತಿತ್ತು. ಬರಬರುತ್ತಾ ನೆಂಟರು ಬರುವುದನ್ನೇ ಕಡಿಮೆ ಮಾಡಿದರು. ಅದಕ್ಕೂ ನಾನು ಇಲಾಖೆಯನ್ನೇ ದೂರಿದೆ.

ನಿವೃತ್ತಿಯಾದ ಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ‘ಮಿಯಾವ್’ ಎಂಬ ಕಾದಂಬರಿಯ ಇಂಗ್ಲಿಷ್ ಅನುವಾದ ಸಿಕ್ಕಿತು. ಗಾಲ್ದೋಸ್ ಅದನ್ನು ಪ್ರಕಟಿಸಿದ್ದು 1888ರಲ್ಲಿ. ಹಿಂಬದಿಯ ರಟ್ಟಿನ ಮೇಲಿದ್ದ ನಾಲ್ಕು ಸಾಲು ಓದಿ, ನಿಂತಲ್ಲೇ ಮೊದಲ ಅಧ್ಯಾಯಕ್ಕೆ ಕೈಹಾಕಿದೆ. ಪೂರ್ತಿ ಪಿಂಚಣಿಗೆ ಎರಡೇ ತಿಂಗಳ ಸೇವೆ ಬಾಕಿ ಇರುವಾಗ ಕೆಲಸ ಕಳೆದುಕೊಂಡ ಹಣಕಾಸು ಇಲಾಖೆಯ ಪ್ರಾಮಾಣಿಕ ನೌಕರನೊಬ್ಬನ ಕಥೆ ಅದು. ಅವನ ಹೆಸರು ರಾಮೋನ್ ವಿಯಾಮಿಲ್.

ಹತ್ತೊಂಬತ್ತನೆಯ ಶತಮಾನದ ಸ್ಪೇನಿನಲ್ಲಿ ಸರ್ಕಾರಿ ನೌಕರಿಗೆ ಭದ್ರತೆ ಇರಲಿಲ್ಲ. ಸರ್ಕಾರ ಬದಲಾದರೆ, ಕೆಲವೊಮ್ಮೆ ಮಂತ್ರಿ ಬದಲಾದರೂ ಸಾಕು, ಹಳಬರನ್ನು ಹೊರಗೆ ಕಳಿಸಿ ತಮ್ಮವರನ್ನು ಕೂರಿಸುತ್ತಿದ್ದರು. ಹಾಗೆ ಹೊರಗೆ ಬಿದ್ದವರನ್ನು ಸೆಸಾಂತೆ ಎಂದು ಕರೆಯುತ್ತಿದ್ದರು. ಮ್ಯಾಡ್ರಿಡ್ ಪಟ್ಟಣದಲ್ಲಿ ಅವರದೇ ಒಂದು ವರ್ಗವಿತ್ತು. ಸವೆದ ಕೋಟು ಹಾಕಿಕೊಂಡು ಕಾಫಿ ಅಂಗಡಿಗಳಲ್ಲಿ ಕೂತು, ಯಾವ ಮಂತ್ರಿ ಬೀಳುತ್ತಾನೆ, ಯಾವನು ಏಳುತ್ತಾನೆ ಎಂದು ಪತ್ರಿಕೆ ನೋಡುತ್ತಾ, ಪರಿಚಯದ ಅಧಿಕಾರಿಗಳಿಗೆ ಪತ್ರ ಬರೆಯುತ್ತಾ ದಿನ ತಳ್ಳುವವರು. ಗಾಲ್ದೋಸ್ ಅವರನ್ನು ಹತ್ತಿರದಿಂದ ನೋಡಿದ್ದ. ಇದೇ ವಿಯಾಮಿಲ್ ಅವನ ದೊಡ್ಡ ಕಾದಂಬರಿ ‘ಫೊರ್ತುನಾತಾ ಮತ್ತು ಹಸಿಂತಾ’ದಲ್ಲೂ ಒಂದು ಮೂಲೆಯಲ್ಲಿ ಬಂದುಹೋಗುತ್ತಾನೆ, ಕಾಫಿ ಅಂಗಡಿಯ ಗುಂಪಿನಲ್ಲಿ ಒಬ್ಬನಾಗಿ. ಮುಂದಿನ ವರ್ಷವೇ ಅವನಿಗೆಂದು ಗಾಲ್ದೋಸ್ ಇಡೀ ಕಾದಂಬರಿ ಬರೆದ.

ವಿಯಾಮಿಲ್ ಬರೀ ಪ್ರಾಮಾಣಿಕನಲ್ಲ, ಸುಧಾರಕ. ಆಡಳಿತದಲ್ಲಿ ನೈತಿಕತೆ, ಆದಾಯ ತೆರಿಗೆ, ಸುಂಕದ ಸುಧಾರಣೆ, ಸಾಲಗಳ ಏಕೀಕರಣ ಎಂದು ನಾಲ್ಕು ಯೋಜನೆಗಳನ್ನು ಬರೆದು ಮೇಲಿನವರ ಮುಂದೆ ಇಟ್ಟವನು. ಆ ನಾಲ್ಕರ ಸ್ಪ್ಯಾನಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ಬೆಕ್ಕಿನ ಕೂಗಾಗುತ್ತದೆ. ಕಚೇರಿಯಲ್ಲಿದ್ದವರು ಅದನ್ನಿಟ್ಟು ವ್ಯಂಗ್ಯಚಿತ್ರ ಬರೆದು ನಗುತ್ತಾರೆ. ಅವನ ಹೆಂಡತಿ ದೋನ್ಯಾ ಪೂರಾ, ನಾದಿನಿ ಮಿಲಾಗ್ರೋಸ್, ಮಗಳು ಅಬೆಲಾರ್ದಾ ಮೂವರಿಗೂ ಬೆಕ್ಕಿನ ಮುಖವೆಂದು ಊರಿನವರು ಮೊದಲೇ ಅದೇ ಹೆಸರಿಟ್ಟಿದ್ದಾರೆ. ಹೆಂಡತಿಗೆ ಒಳಗೆ ಅನ್ನವಿಲ್ಲದಿದ್ದರೂ ಹೊರಗೆ ಠೀವಿ ಬೇಕು. ರಾಜನಾಟಕಶಾಲೆಯ ಮೇಲಿನ ಅಟ್ಟಕ್ಕೆ ಬಿಟ್ಟಿ ಟಿಕೆಟು ಸಿಕ್ಕರೆ ಮೂವರೂ ಅಲಂಕರಿಸಿಕೊಂಡು ಸಂಗೀತ ನಾಟಕಕ್ಕೆ ಹೊರಡುತ್ತಾರೆ. ಇನ್ನು ಅಳಿಯ ವಿಕ್ತೋರ್ ಕದಾಲ್ಸೊ. ಚೆಲುವ, ಮಾತಿನಮಲ್ಲ, ಸರ್ಕಾರಿ ಹಣದ ಲೆಕ್ಕದಲ್ಲಿ ಕೈ ಕೊಳೆ ಮಾಡಿಕೊಂಡವನು. ಪ್ರಭಾವೀ ಹೆಂಗಸೊಬ್ಬಳ ಶಿಫಾರಸಿನಿಂದ ಅವನು ಮೇಲೇರುತ್ತಾನೆ. ಮಾವ ಬೀದಿಯಲ್ಲೇ ಉಳಿಯುತ್ತಾನೆ.

ಇದನ್ನು ಓದಿ ನನಗೆ ಎದೆ ಹಿಡಿದಂತಾಯಿತು. ನೂರು ವರ್ಷಕ್ಕೂ ಹಿಂದೆ, ಕಾಣದ ದೇಶದಲ್ಲಿ ಒಬ್ಬನು ನನ್ನ ಸೇವಾ ಪುಸ್ತಕವನ್ನು ತೆರೆದಿಟ್ಟುಕೊಂಡು ಬರೆದಿದ್ದಾನೆ ಎನ್ನಿಸಿತು. ಈ ಲೇಖಕ ಯಾರೆಂದು ಹುಡುಕತೊಡಗಿದೆ. ಇಂಗ್ಲಿಷಿನಲ್ಲಿ ಸಿಕ್ಕ ಕಾದಂಬರಿಗಳನ್ನೆಲ್ಲ ತರಿಸಿದೆ, ಜೀವನ ಚರಿತ್ರೆಗಳನ್ನು ಓದಿದೆ, ನಿಘಂಟು ಇಟ್ಟುಕೊಂಡು ಸ್ಪ್ಯಾನಿಷನ್ನೂ ಅಷ್ಟಿಷ್ಟು ಕಲಿತೆ. ಆ ವರ್ಷಗಳ ಶ್ರಮದ ಬಗ್ಗೆ ನನಗೆ ಈಗಲೂ ಬೇಸರವಿಲ್ಲ. ಓದಿದ್ದು ನನ್ನಲ್ಲಿ ಉಳಿದಿದೆ.

ಗಾಲ್ದೋಸ್ ಹುಟ್ಟಿದ್ದು 1843ರ ಮೇ 10ರಂದು, ಕನಾರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಲ್ಲಿ. ಸೈನ್ಯಾಧಿಕಾರಿಯ ಮನೆಯ ಹತ್ತನೆಯ ಮಗು. ತಾಯಿ ಕಟ್ಟುನಿಟ್ಟಿನವಳು. 1862ರಲ್ಲಿ ಕಾನೂನು ಓದಲೆಂದು ಮ್ಯಾಡ್ರಿಡ್‌ಗೆ ಕಳಿಸಿದರೆ, ಹುಡುಗ ತರಗತಿ ಬಿಟ್ಟು ಬೀದಿ ಸುತ್ತಿದ. ನಾಟಕಶಾಲೆ, ಸಂತೆ, ಕಾಫಿ ಅಂಗಡಿ, ಸಂಸತ್ತಿನ ಗ್ಯಾಲರಿ, ಹೆಂಗಸರು ಜಗಳವಾಡುವ ವಠಾರಗಳು: ಇವೇ ಅವನ ಪಾಠಶಾಲೆ. 1866ರಲ್ಲಿ ಸಾನ್ ಹಿಲ್ ದಂಡುಮನೆಯ ಸಾರ್ಜೆಂಟರು ದಂಗೆಯೆದ್ದು ಸೋತಾಗ, ಅವರನ್ನು ಗುಂಡಿಕ್ಕಲು ಗಾಡಿಗಳಲ್ಲಿ ಇಬ್ಬಿಬ್ಬರನ್ನಾಗಿ ಕರೆದೊಯ್ಯುವುದನ್ನು ಕಣ್ಣಾರೆ ಕಂಡ. ಮುಪ್ಪಿನಲ್ಲೂ ಆ ದೃಶ್ಯ ಅವನನ್ನು ಬಿಡಲಿಲ್ಲ. ಮರುವರ್ಷ ಪ್ಯಾರಿಸ್ಸಿಗೆ ಹೋದಾಗ ಬಾಲ್ಜಾಕ್‌ನ ಕಾದಂಬರಿಗಳು ಸಿಕ್ಕವು. ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ಅನ್ನು ಪತ್ರಿಕೆಗಾಗಿ ಅನುವಾದಿಸಿದ. 1870ರಲ್ಲಿ ಮೊದಲ ಕಾದಂಬರಿ ಬಂತು. ಆಮೇಲೆ ಅವನು ಬರೆದದ್ದನ್ನು ನೆನೆದರೆ ಬೆರಗಾಗುತ್ತದೆ. ಸ್ಪೇನಿನ ಚರಿತ್ರೆಯನ್ನೇ ಕಥೆಯಾಗಿಸಿದ ‘ರಾಷ್ಟ್ರೀಯ ಪ್ರಸಂಗಗಳು’ ಮಾಲೆಯೊಂದರಲ್ಲೇ 46 ಕಾದಂಬರಿಗಳಿವೆ. 1873ರಲ್ಲಿ ‘ಟ್ರಫಾಲ್ಗರ್’ನಿಂದ ಶುರುವಾದ ಮಾಲೆ 1912ರವರೆಗೆ ನಡೆಯಿತು. ಅದರ ಜೊತೆಗೆ ಮ್ಯಾಡ್ರಿಡ್ ಜೀವನದ ಕಾದಂಬರಿಗಳು, ಮತ್ತೆ ನಾಟಕಗಳು.

ಇಷ್ಟು ದೊಡ್ಡ ಬರಹಗಾರನಿಗೆ ಸಿಗಬೇಕಾದದ್ದು ಸಿಗಲಿಲ್ಲ ಎಂಬುದನ್ನು ಓದಿದಾಗ ನನ್ನ ಪುಸ್ತಕದ ಎಳೆ ಸಿಕ್ಕಿತು ಎಂದುಕೊಂಡೆ. ನನಗೆ ಬೇಕಾಗಿದ್ದೂ ಅದೇ. 1889ರ ಆರಂಭದಲ್ಲಿ ಸ್ಪ್ಯಾನಿಷ್ ಅಕಾಡೆಮಿಯ ಸ್ಥಾನಕ್ಕೆ ಅವನ ಹೆಸರು ಬಂದಾಗ ಅಕಾಡೆಮಿ ಅವನನ್ನು ಬಿಟ್ಟು ಲ್ಯಾಟಿನ್ ಪಂಡಿತನೊಬ್ಬನನ್ನು ಆರಿಸಿತು. ಇದನ್ನು ನಾನು ಒಂದು ಇಡೀ ಅಧ್ಯಾಯ ಮಾಡಿದೆ. 1912ರ ಹೊತ್ತಿಗೆ ಅವನ ಹೆಸರು ನೊಬೆಲ್ ಬಹುಮಾನಕ್ಕೆ ಹೋದಾಗ, ಸ್ಪೇನಿನ ಸಂಪ್ರದಾಯವಾದಿಗಳೇ ಅದರ ವಿರುದ್ಧ ಎದ್ದುನಿಂತರು. ಅವನು ಪಾದ್ರಿಗಳ ಹಿಡಿತವನ್ನು ಟೀಕಿಸಿದವನು, ಗಣರಾಜ್ಯವಾದಿಗಳೊಡನೆ, ಸಮಾಜವಾದಿಗಳೊಡನೆ ಸೇರಿದವನು. ಬಹುಮಾನ ಬರಲಿಲ್ಲ. ಇದು ಇನ್ನೊಂದು ಅಧ್ಯಾಯ. ಆ ಹೊತ್ತಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳಾದರೂ ದೃಷ್ಟಿ ಹೋಗಿತ್ತು, ಸಾಲ ಕುತ್ತಿಗೆಗೆ ಬಂದಿತ್ತು, 1914ರಲ್ಲಿ ಅವನಿಗಾಗಿ ಸಾರ್ವಜನಿಕ ನಿಧಿ ಎತ್ತಬೇಕಾಯಿತು. ಅದು ಮೂರನೆಯ ಅಧ್ಯಾಯ. ಹೀಗೆ ಅನ್ಯಾಯದ ಮೇಲೆ ಅನ್ಯಾಯ ಪೇರಿಸಿ, ನಡುವೆ ವಿಯಾಮಿಲ್‌ನನ್ನು ನಿಲ್ಲಿಸಿದೆ. ಗಾಲ್ದೋಸ್ ತನ್ನ ನೋವನ್ನೇ ವಿಯಾಮಿಲ್ ಮೂಲಕ ಬರೆದನೆಂದು ವಾದಿಸಿದೆ. ಅಕಾಡೆಮಿಯ ಪ್ರಸಂಗ ನಡೆದದ್ದು ಕಾದಂಬರಿ ಬಂದ ಮರುವರ್ಷ. ಆ ಹಿಂದುಮುಂದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಕರಡು ಬಂದಾಗ ಮಗಳಿಗೆ ಕಳಿಸಿದೆ. ಅವಳು ಮೈಸೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ಕಾಗುಣಿತ ಮಾತ್ರ ನೋಡಿಕೊಡು ಎಂದಿದ್ದೆ. ಅವಳು ಮಾಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವಳು. ಹೆಸರುಗಳು ಎಲ್ಲ ಕಡೆ ಒಂದೇ ಥರ ಬಂದಿವೆಯೇ ಎಂದು ನೋಡಲು ‘ಮಿಯಾವ್’ ಅನ್ನೇ ಓದಿದಳು. ಓದಿ ಫೋನ್ ಮಾಡಿದಳು.

“ಅಪ್ಪಾ, ನಿಮ್ಮ ಪುಸ್ತಕದಲ್ಲಿ ಲೂಯಿಸಿತೊ ಎಲ್ಲಿ?”

ನಾನು ತಡವರಿಸಿದೆ. ಒಂದು ಸಾಲಿನಲ್ಲಿ ಬರುತ್ತಾನಲ್ಲ, ಮೊಮ್ಮಗ ಎಂದೆ.

“ಕಾದಂಬರಿ ಶುರುವಾಗೋದೇ ಅವನಿಂದ” ಎಂದಳು.

ಹೌದು. ‘ಮಿಯಾವ್’ ಶುರುವಾಗುವುದು ವಿಯಾಮಿಲ್‌ನಿಂದ ಅಲ್ಲ. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟು ಮಕ್ಕಳು ಗದ್ದಲ ಮಾಡುತ್ತಾ ಬೀದಿಗೆ ನುಗ್ಗುತ್ತಾರೆ. ಅವರ ನಡುವೆ ಬಡಕಲು ದೇಹದ, ನಾಚಿಕೆ ಸ್ವಭಾವದ ಹುಡುಗನೊಬ್ಬನನ್ನು ಉಳಿದವರು ಬೆಕ್ಕಿನ ಹೆಸರು ಹಿಡಿದು ರೇಗಿಸುತ್ತಾರೆ. ಅವನೇ ಲೂಯಿಸಿತೊ. ತಾಯಿ ತೀರಿಕೊಂಡಿದ್ದಾಳೆ, ತಂದೆ ವಿಕ್ತೋರ್ ಮಗುವನ್ನು ಮಾವನ ಮನೆಯಲ್ಲಿ ಬಿಟ್ಟಿದ್ದಾನೆ. ತಾತ ಬರೆದ ಕೋರಿಕೆಯ ಪತ್ರಗಳನ್ನು ಅಧಿಕಾರಿಗಳ ಮನೆಗಳಿಗೆ ತಲುಪಿಸುವುದು, ಉತ್ತರಕ್ಕೆ ಕಾಯುವುದು ಆ ಹುಡುಗನ ಕೆಲಸ. ಶಾಲೆಯಿಂದ ಹಸಿದು ಬಂದವನನ್ನು ಮತ್ತೆ ಪತ್ರ ಕೊಟ್ಟು ಕಳಿಸುತ್ತಾರೆ. ನೆರೆಯವರ ನಾಯಿಯೊಂದು ಜೊತೆಗೆ ಹೋಗುತ್ತದೆ. ದಾರಿಯಲ್ಲಿ ದಣಿದು ಮೆಟ್ಟಿಲ ಮೇಲೆ ಕೂತವನಿಗೆ ಕಣ್ಣು ಕತ್ತಲಿಟ್ಟು, ದೇವರು ಕಾಣುತ್ತಾನೆ.

ಈ ದೇವರು ಬಿಳಿಗಡ್ಡದ ಮುದುಕ. ಅವನ ಮುಂದೆಯೂ ಪತ್ರಗಳ ರಾಶಿ. ಎಲ್ಲರೂ ತನ್ನನ್ನೇ ಕೇಳುತ್ತಾರೆ, ಎಲ್ಲರಿಗೂ ತಾನು ಎಲ್ಲಿಂದ ಕೊಡಲಿ ಎಂದು ಅವನೂ ಹುಡುಗನ ಹತ್ತಿರ ಹೇಳಿಕೊಳ್ಳುತ್ತಾನೆ. ಆಮೇಲೆ ಪಾಠ ಓದಿದೆಯಾ ಎಂದು ಕೇಳುತ್ತಾನೆ. ನೀನು ಪಾಠ ಕಲಿಯದಿದ್ದರೆ ನಿನ್ನ ತಾತನಿಗೆ ಹೇಗೆ ಕೆಲಸ ಕೊಡಲಿ ಎಂಬ ಅರ್ಥದ ಮಾತಾಡುತ್ತಾನೆ. ತಾತನಿಗೆ ಕೆಲಸ ಸಿಗದಿರುವುದಕ್ಕೆ ತಾನು ಭೂಗೋಳ ಓದದಿರುವುದೇ ಕಾರಣವೆಂದು ಆ ಮಗು ನಂಬುತ್ತದೆ. ದೊಡ್ಡವರ ದುಃಖ ಮನೆತುಂಬಾ ಹರಡಿದಾಗ ಮಕ್ಕಳು ಅದನ್ನು ತಮ್ಮ ತಪ್ಪೆಂದೇ ಲೆಕ್ಕ ಹಾಕುತ್ತಾರೆ ಎಂಬುದನ್ನು ಗಾಲ್ದೋಸ್ ಯಾವ ವಿವರಣೆಯೂ ಇಲ್ಲದೆ ಈ ಒಂದು ಕನಸಿನಲ್ಲಿ ತೋರಿಸಿದ್ದಾನೆ. ಕಾದಂಬರಿಯನ್ನು ಮತ್ತೆ ಮತ್ತೆ ಓದಿದ್ದ ನಾನು ಪ್ರತಿ ಸಲವೂ ಈ ಪುಟಗಳನ್ನು ಬೇಗ ಬೇಗ ತಿರುವಿ, ವಿಯಾಮಿಲ್ ಕಚೇರಿಗೆ ಹೋಗುವ ಭಾಗಕ್ಕೆ ಹಾರಿದ್ದೆ.

ಫೋನಿನಲ್ಲಿ ಮಗಳು ಬೇರೇನೂ ಹೇಳಲಿಲ್ಲ. ನನಗೇ ನೆನಪಾಯಿತು. ನನ್ನ ಮನವಿಗಳ ಜೆರಾಕ್ಸ್ ಮಾಡಿಸಿ ತರುತ್ತಿದ್ದವಳು ಅವಳು. ನಾನು ಕಚೇರಿಯಲ್ಲಿರುತ್ತಿದ್ದ ಹೊತ್ತಿನಲ್ಲಿ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ರಿಜಿಸ್ಟರ್ಡ್ ಲಕೋಟೆ ಕೊಟ್ಟು, ರಸೀದಿ ತಂದು, ಕಡತಕ್ಕೆ ಪಿನ್ ಮಾಡಿಡುತ್ತಿದ್ದವಳು ಅವಳು. ಆಗ ಪ್ರೌಢಶಾಲೆಯಲ್ಲಿದ್ದಳು. ಮುಂದೆ ಅವಳು ಊರಿಗೆ ಬಂದಾಗ ನಾನೇ ಆ ಮಾತೆತ್ತಿದೆ. ಅಂಚೆಗೆ ಕಳಿಸುತ್ತಿದ್ದೆನಲ್ಲ, ನಿನಗೆ ಬೇಜಾರಾಗುತ್ತಿತ್ತಾ ಎಂದೆ.

“ಇಲ್ಲಪ್ಪ. ಸೀಲು ಹೊಡೆಯೋ ಸದ್ದು ನಂಗೆ ಇಷ್ಟ ಇತ್ತು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಮನೆಗೆ ಬಂದ ಕೂಡಲೇ ರಸೀದಿ ಮೇಲೆ ಸೀಲ್ ಸರಿಯಾಗಿ ಬಿದ್ದಿದೆಯಾ ಅಂತ ಕೇಳ್ತಿದ್ದಿರಿ. ಎಸ್ಸೆಸ್ಸೆಲ್ಸಿ ಗಣಿತದ ಪೇಪರ್ ದಿನಾನೂ ಅದನ್ನೇ ಕೇಳಿದ್ರಿ” ಎಂದಳು. ದೂರುವ ದನಿ ಇರಲಿಲ್ಲ.

ಪ್ರಕಾಶಕರಿಗೆ ಫೋನ್ ಮಾಡಿ ಪುಸ್ತಕ ನಿಲ್ಲಿಸಿ ಎಂದೆ. ಆಮೇಲೆ ‘ಮಿಯಾವ್’ ಅನ್ನು ಮೊದಲಿಂದ ಓದಲು ಕೂತೆ, ಈ ಸಲ ಒಂದು ಪುಟವನ್ನೂ ಹಾರಿಸದೆ.

ಓದುತ್ತಾ ಹೋದಂತೆ ನನ್ನ ಕರಡಿನ ಮೋಸಗಳು ಒಂದೊಂದಾಗಿ ಕಂಡವು. ಮೊದಲನೆಯದು ವಿಕ್ತೋರ್. ನನ್ನ ಪುಸ್ತಕದಲ್ಲಿ ಅವನು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕಾದಂಬರಿಯಲ್ಲಿ ಎಲ್ಲಿಯೂ ಆ ಅಭ್ಯಾಸ ಸಿಗಲಿಲ್ಲ. ಅದು ನನ್ನ ಬಡ್ತಿ ಪಡೆದ ಸಹೋದ್ಯೋಗಿಯ ಅಭ್ಯಾಸ. ಗೊತ್ತಿಲ್ಲದೆಯೇ ಅವರನ್ನು ತಂದು ಮ್ಯಾಡ್ರಿಡ್‌ನಲ್ಲಿ ಕೂರಿಸಿದ್ದೆ. ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಬಡ್ತಿ ಸಮಿತಿ ಕೂತಾಗ ನಾನು ಇಲಾಖಾ ಪರೀಕ್ಷೆಯಲ್ಲಿ ಅಕೌಂಟ್ಸ್ ಹೈಯರ್ ಪಾಸಾಗಿರಲಿಲ್ಲ. ಅವರು ಪಾಸಾಗಿದ್ದರು. ನಾನು ಸೇವೆಯಲ್ಲಿ ಹಿರಿಯ ಎಂಬುದು ನಿಜ, ಆದರೆ ಆ ದಿನ ಅರ್ಹತೆ ಇದ್ದದ್ದು ಅವರಿಗೆ. ನನ್ನ ಅಷ್ಟೂ ಮನವಿಗಳಲ್ಲಿ ಸೇವೆಗೆ ಸೇರಿದ ದಿನಾಂಕವಿದೆ, ಪರೀಕ್ಷೆಯ ಮಾತು ಒಂದರಲ್ಲೂ ಇಲ್ಲ. ಅವರು ಕಳ್ಳರಲ್ಲ, ಶಿಫಾರಸಿನಿಂದ ಬಂದವರೂ ಅಲ್ಲ. ಅವರ ಬಗ್ಗೆ ನೆಂಟರ ಮುಂದೆ ಎಷ್ಟೋ ವರ್ಷ ಆಡಿದ ಮಾತುಗಳನ್ನು ನೆನೆದರೆ ಈಗ ಮೈ ಬೆವರುತ್ತದೆ.

ಮನವಿ ಬರೆದ ಕೈಯೇ ಗಾಲ್ದೋಸ್‌ನ ಚರಿತ್ರೆಯನ್ನೂ ಬರೆದಿತ್ತು. ಅಕಾಡೆಮಿಯ ಸೋಲಿಗೆ ಅಧ್ಯಾಯ ಕೊಟ್ಟಿದ್ದೆ. ಅದೇ 1889ರಲ್ಲಿ, ಕೆಲವೇ ತಿಂಗಳ ನಂತರ ಅಕಾಡೆಮಿ ಅವನನ್ನು ಆರಿಸಿಕೊಂಡಿತು ಎಂಬುದು ನನ್ನಲ್ಲಿ ಒಂದು ವಾಕ್ಯ. ಆಯ್ಕೆಯಾದ ಮೇಲೂ ಎಂಟು ವರ್ಷ ಅವನೇ ಹೋಗಿ ಸ್ಥಾನ ಸ್ವೀಕರಿಸಲಿಲ್ಲ. 1897ರ ಫೆಬ್ರವರಿಯಲ್ಲಿ ಕೊನೆಗೂ ಹೋದಾಗ, ಈಗಿನ ಸಮಾಜವೇ ಕಾದಂಬರಿಯ ಸಾಮಗ್ರಿ ಎಂಬ ವಿಷಯದ ಮೇಲೆ ಮಾತಾಡಿದ. ಅಂದು ಅವನನ್ನು ಸ್ವಾಗತಿಸಿ ಉತ್ತರ ಭಾಷಣ ಮಾಡಿದವನು ಮೆನೆಂದೆಸ್ ಪೆಲಾಯೊ. ಸ್ಪೇನಿನ ಧರ್ಮಭ್ರಷ್ಟರ ಚರಿತ್ರೆಯನ್ನು ಬರೆದು ಅದರಲ್ಲಿ ಗಾಲ್ದೋಸ್‌ನನ್ನು ಕ್ಯಾಥೊಲಿಕ್ ಧರ್ಮದ ವೈರಿಯೆಂದು ಕಟುವಾಗಿ ಖಂಡಿಸಿದ್ದ ವಿದ್ವಾಂಸ. ಖಂಡನೆಯನ್ನು ನಾನು ವಿಸ್ತಾರವಾಗಿ ಬರೆದಿದ್ದೆ. ಅದೇ ಮನುಷ್ಯ ವೇದಿಕೆಯ ಮೇಲೆ ನಿಂತು ಗಾಲ್ದೋಸ್‌ನ ಕಾದಂಬರಿಗಳನ್ನು ಮನಸಾರೆ ಮೆಚ್ಚಿದ್ದನ್ನು, ತನ್ನ ಹಿಂದಿನ ಕಠೋರ ತೀರ್ಪನ್ನು ಸಡಿಲಿಸಿದ್ದನ್ನು ಬಿಟ್ಟಿದ್ದೆ. ಅದೇ ತಿಂಗಳು ಅಕಾಡೆಮಿಗೆ ಬಂದ ಇನ್ನೊಬ್ಬ ಕಾದಂಬರಿಕಾರ ಹೊಸೆ ಮರಿಯಾ ದೆ ಪೆರೆದಾ. ರಾಜಪ್ರಭುತ್ವ, ಚರ್ಚು, ಹಳ್ಳಿಯ ಹಳೆಯ ರೀತಿನೀತಿ, ಇವುಗಳ ಕಟ್ಟಾ ಪಕ್ಷಪಾತಿ. ಅವನನ್ನು ಸ್ವಾಗತಿಸಿದವನು ಗಾಲ್ದೋಸ್. ಇಬ್ಬರೂ ಜೀವಮಾನದ ಗೆಳೆಯರು. ಧರ್ಮದ ವಿಷಯದಲ್ಲಿ ಪತ್ರಗಳಲ್ಲಿ ಕಾದಾಡಿದರು, ಆದರೂ ಗಾಲ್ದೋಸ್ ಬೇಸಿಗೆಗೆ ಪೆರೆದಾನ ನಾಡಾದ ಸಂತಾಂದೇರ್‌ಗೆ ಹೋಗಿ ಅಲ್ಲೇ ಮನೆ ಕಟ್ಟಿಸಿದ. ಹಳೆಯ ಪೆಟ್ಟುಗಳ ಲೆಕ್ಕ ಇಟ್ಟುಕೊಂಡು ಬದುಕಿದವನು ಮಾಡುವ ಕೆಲಸ ಇದಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಲಕಿದ್ದು 1886ರ ಸಂಗತಿ. ಆ ವರ್ಷ ಗಾಲ್ದೋಸ್ ಸಂಸತ್ ಸದಸ್ಯನಾದ. ನನ್ನ ಕರಡಿನಲ್ಲಿ ‘ಜನಪ್ರತಿನಿಧಿಯಾಗಿ ಆಯ್ಕೆಯಾದ’ ಎಂದಷ್ಟೇ ಇತ್ತು. ಆಯ್ಕೆಯಾದದ್ದು ಹೇಗೆ? ಸಗಾಸ್ತಾನ ಲಿಬರಲ್ ಪಕ್ಷ ಅಧಿಕಾರಕ್ಕೆ ಬಂದಿತ್ತು. ಅಟ್ಲಾಂಟಿಕ್ ಸಾಗರದಾಚೆ, ಆಗ ಸ್ಪೇನಿನ ವಸಾಹತಾಗಿದ್ದ ಪೋರ್ಟೊ ರಿಕೊ ದ್ವೀಪದ ಗುಯಾಮಾ ಕ್ಷೇತ್ರವನ್ನು ಪಕ್ಷ ಅವನಿಗೆ ಕೊಡಿಸಿತು. ಅವನಿಗೆ ಬಿದ್ದ ಮತ 17. ಆ ದ್ವೀಪಕ್ಕೆ ಅವನು ಕಾಲಿಟ್ಟವನೇ ಅಲ್ಲ. ಮೇಲಿನವರ ಶಿಫಾರಸಿನಿಂದ ಕುರ್ಚಿ ಹಂಚುವ ವ್ಯವಸ್ಥೆ ವಿಯಾಮಿಲ್‌ನನ್ನು ಬೀದಿಗೆ ತಳ್ಳಿತು, ಅದೇ ವ್ಯವಸ್ಥೆ ಗಾಲ್ದೋಸ್‌ಗೆ ಸಂಸತ್ತಿನಲ್ಲಿ ಜಾಗ ಕೊಟ್ಟಿತು. ಆ ಜಾಗದಲ್ಲಿ ಇರುವಾಗಲೇ ಅವನು ‘ಮಿಯಾವ್’ ಬರೆದ.

ಈ ಸಂಗತಿ ಗೊತ್ತಿದ್ದೂ ನಾನು ಮುಚ್ಚಿಟ್ಟಿದ್ದೆ, ನನ್ನ ನಾಯಕನಿಗೆ ಕಳಂಕ ತರುತ್ತದೆಂದು. ಈಗ ಅನ್ನಿಸುತ್ತದೆ, ಕಾದಂಬರಿಯ ಶಕ್ತಿಯ ಬೇರು ಇಲ್ಲೇ ಎಲ್ಲೋ ಇದೆ. ಗಾಲ್ದೋಸ್ ತನ್ನನ್ನು ತಾನು ಅನ್ಯಾಯಕ್ಕೊಳಗಾದವನ ಜಾಗದಲ್ಲಿಟ್ಟು ಬರೆಯಲಿಲ್ಲ. ಲಾಭ ಪಡೆದವನ ಜಾಗದಲ್ಲಿ ಕೂತು, ಹೊರಗೆ ನಿಂತವನನ್ನು ನೋಡಿದ. ಹಾಗಾಗಿಯೇ ವಿಯಾಮಿಲ್‌ಗೆ ನ್ಯಾಯ ಸಲ್ಲಿಸುತ್ತಲೇ ಅವನ ಕುರುಡನ್ನೂ ಕಾಣಬಲ್ಲವನಾದ. ಆ ಮುದುಕನ ಅಳಲು ನಿಜ ಎನ್ನುತ್ತಾನೆ, ಅನ್ಯಾಯ ಆಗಿದೆ ಎನ್ನುತ್ತಾನೆ, ಹಾಗೆನ್ನುತ್ತಲೇ ಹಸಿದ ಮಗುವಿನ ಕೈಯಲ್ಲಿ ಪತ್ರ ಇಡುವ ಮುದುಕನ ಕೈಯನ್ನೂ ತೋರಿಸುತ್ತಾನೆ. ನಾನು ಎರಡನೆಯದನ್ನು ಅಳಿಸಿ ಮೊದಲನೆಯದನ್ನಷ್ಟೇ ಉಳಿಸಿಕೊಂಡಿದ್ದೆ.

ವಿಯಾಮಿಲ್‌ನ ಒಂದು ವಿಚಿತ್ರ ಅಭ್ಯಾಸವಿದೆ. ತನಗೆ ಕೆಲಸ ಸಿಗುವುದೇ ಇಲ್ಲ ಎಂದು ಎಲ್ಲರೆದುರೂ ಹೇಳಿಕೊಂಡು ತಿರುಗುತ್ತಾನೆ. ಅವನ ಅನುಭವದಲ್ಲಿ, ಬಯಸಿದ್ದು ಬರುವುದಿಲ್ಲ, ನೆನೆಸದೇ ಇದ್ದದ್ದು ಬರುತ್ತದೆ. ಆದ್ದರಿಂದ ಕೆಟ್ಟದ್ದನ್ನೇ ನಿರೀಕ್ಷಿಸಿದರೆ ವಿಧಿ ಅದಕ್ಕೆ ವಿರುದ್ಧವಾಗಿ ಒಳ್ಳೆಯದು ಮಾಡೀತು ಎಂಬ ಗುಟ್ಟಿನ ಆಸೆ. ನನಗೂ ಇದು ಚೆನ್ನಾಗಿ ಗೊತ್ತು. ‘ಏನೂ ಆಗಲ್ಲ ಬಿಡಿ’ ಎನ್ನುತ್ತಲೇ ಪ್ರತಿ ದಿನ ಟಪಾಲು ನೋಡುತ್ತಿದ್ದೆ. ಹೀಗೆ ಬದುಕುವವನಿಗೆ ಸುತ್ತಲಿನವರು ಎರಡೇ ಬಗೆಯಾಗಿ ಕಾಣುತ್ತಾರೆ: ತನ್ನ ಕಡೆಯವರು, ಎದುರು ಕಡೆಯವರು. ಮೂರನೆಯ ಬಗೆಯವರು, ಅಂದರೆ ಅವನನ್ನು ಪ್ರೀತಿಸುತ್ತಾ ಅವನ ಗಮನಕ್ಕಾಗಿ ಕಾಯುವವರು, ಕಾಣುವುದೇ ಇಲ್ಲ. ನನ್ನ ಹೆಂಡತಿ ಆ ವರ್ಷಗಳಲ್ಲಿ ಮಂಡಿನೋವಿನಿಂದ ನರಳಿದಳು. ಅವಳು ಯಾವಾಗ ಕೋಲು ಹಿಡಿದು ನಡೆಯಲು ಶುರುಮಾಡಿದಳು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನನ್ನ ಮನವಿಗಳ ದಿನಾಂಕಗಳೆಲ್ಲ ಬಾಯಿಪಾಠ ಇವೆ.

ಗಾಲ್ದೋಸ್‌ನ ಆತ್ಮಕಥನ ನನಗೆ ಮೊದಲು ಸಿಟ್ಟು ತರಿಸಿತ್ತು. ದೃಷ್ಟಿ ಹೋದ ಮೇಲೆ, 1915–16ರಲ್ಲಿ ‘ಲಾ ಎಸ್ಫೆರಾ’ ಪತ್ರಿಕೆಯಲ್ಲಿ ಬಂದ ನೆನಪುಗಳು ಅವು. ಮರೆಗುಳಿಯೊಬ್ಬನ ನೆನಪುಗಳು ಎಂದು ತಾನೇ ಹೆಸರಿಟ್ಟ. ಅದರಲ್ಲಿ ಪ್ರವಾಸಗಳಿವೆ, ಪ್ಯಾರಿಸ್ ಇದೆ, ಬಾಲ್ಜಾಕ್ ಇದ್ದಾನೆ, ಗುಂಡಿಗೆ ಬಲಿಯಾದ ಸಾರ್ಜೆಂಟರಿದ್ದಾರೆ. ತನ್ನ ಪ್ರೇಮಗಳ ಬಗ್ಗೆ ಅವನು ಬಾಯಿ ಬಿಡುವುದಿಲ್ಲ. ಗೆಳತಿಯಾಗಿದ್ದ ಕಾದಂಬರಿಕಾರ್ತಿ ಎಮಿಲಿಯಾ ಪಾರ್ದೊ ಬಾಸಾನ್ ಅವನಿಗೆ ಬರೆದ ಒಲವಿನ ಪತ್ರಗಳು ಬಹಳ ಕಾಲದ ಮೇಲೆ ಅಚ್ಚಾದವು. ತನಗಾದ ಅವಮಾನಗಳನ್ನೂ ಅವನು ಪಟ್ಟಿ ಮಾಡುವುದಿಲ್ಲ. ನನಗಾಗ ಇದು ದೌರ್ಬಲ್ಯವಾಗಿ ಕಂಡಿತ್ತು. ಅವನು ಬಿಟ್ಟ ದೂರುಗಳನ್ನು ಅವನ ಪರವಾಗಿ ನಾನು ಬರೆಯುತ್ತೇನೆ ಎಂದುಕೊಂಡಿದ್ದೆ. ಯಾರೂ ಕೊಡದ ವಕಾಲತ್ತು ಅದು.

ಅವನ ಕೊನೆಯ ದಿನಗಳನ್ನೂ ನಾನು ಕತ್ತಲಾಗಿಯೇ ಬರೆದಿದ್ದೆ. ಕಷ್ಟ ಇದ್ದದ್ದು ಹೌದು. ಆದರೆ 1901ರ ಜನವರಿಯಲ್ಲಿ ಅವನ ‘ಎಲೆಕ್ತ್ರಾ’ ನಾಟಕದ ಮೊದಲ ಪ್ರದರ್ಶನವಾದಾಗ ಮ್ಯಾಡ್ರಿಡ್ ಜನ ಬೀದಿಗೆ ಬಂದು ಅವನ ಹೆಸರು ಹೇಳಿ ಜೈಕಾರ ಹಾಕಿದ್ದರು. ಕೈಯಲ್ಲಿ ಹಣ ನಿಲ್ಲದಿದ್ದುದಕ್ಕೆ ಅವನ ಸಡಿಲ ಕೈಯೂ ಕಾರಣ. 1919ರ ಜನವರಿಯಲ್ಲಿ ರೆತೀರೊ ಉದ್ಯಾನದಲ್ಲಿ ಅವನ ಪ್ರತಿಮೆ ಅನಾವರಣವಾಯಿತು. ವಿಕ್ತೋರಿಯೊ ಮಾಚೊ ಎಂಬ ತರುಣ ಶಿಲ್ಪಿ ಕೆತ್ತಿದ್ದ ಪ್ರತಿಮೆ, ಜನರಿಂದ ಕೂಡಿಸಿದ ಹಣ. ಕಣ್ಣಿಲ್ಲದ ಮುದುಕ ಅಲ್ಲಿಗೆ ಬಂದು ಕಲ್ಲನ್ನು ಕೈಯಿಂದ ಮುಟ್ಟಿ ನೋಡಿದ. ಮರುವರ್ಷ ಜನವರಿ 4ರಂದು ತೀರಿಕೊಂಡಾಗ ಸಾವಿರಾರು ಜನ ಶವದ ಹಿಂದೆ ನಡೆದರು. ಅವರಲ್ಲಿ ಬಹಳ ಮಂದಿ ಅವನು ಬರೆದಂಥದ್ದೇ ಜನ: ಕೂಲಿಗಳು, ತರಕಾರಿ ಮಾರುವವರು, ಮನೆಗೆಲಸದವರು. ಸಿಗಬೇಕಾದದ್ದು ಸಿಗಲಿಲ್ಲ ಎಂದು ಇಡೀ ಪುಸ್ತಕ ಬರೆದ ನಾನು, ಇದನ್ನು ಯಾವ ಲೆಕ್ಕಕ್ಕೆ ಹಿಡಿದಿದ್ದೆನೋ!

ಈಗ ಮತ್ತೆ ಬರೆಯುತ್ತಿದ್ದೇನೆ. ಜೀವನ ಚರಿತ್ರೆಯಲ್ಲ, ‘ಮಿಯಾವ್’ ಒಂದರ ಬಗ್ಗೆ ಒಂದು ಚಿಕ್ಕ ಪುಸ್ತಕ. ಬರೆದದ್ದನ್ನು ಮಗಳು ಓದುತ್ತಾಳೆ, ಸಲೀಸಾಗಿ ಒಪ್ಪುವುದಿಲ್ಲ. ನಮ್ಮಿಬ್ಬರ ನಡುವೆ ಹೆಚ್ಚು ಜಗಳ ಆಗುವುದು ವಿಯಾಮಿಲ್‌ನ ಕೊನೆಯ ದಿನದ ಬಗ್ಗೆ. ಲೂಯಿಸಿತೊನನ್ನು ಅಪ್ಪನ ಸೋದರಿ ಕಿಂತೀನಾಳ ಮನೆಗೆ ಸಾಗಹಾಕಿದ ಮೇಲೆ ಮುದುಕ ಒಬ್ಬನೇ ಊರ ಅಂಚಿಗೆ ನಡೆಯುತ್ತಾನೆ. ಜೀವಮಾನದಲ್ಲಿ ಮೊದಲ ಸಲ ಆಕಾಶ ನೋಡುತ್ತಾನೆ, ಮರ ನೋಡುತ್ತಾನೆ, ಹೋಟೆಲೊಂದರಲ್ಲಿ ಹೊಟ್ಟೆತುಂಬಾ ಉಣ್ಣುತ್ತಾನೆ, ಇನ್ನು ಯಾರ ಕೃಪೆಯೂ ಬೇಡವೆಂದು ಹಗುರಾಗುತ್ತಾನೆ. ರಾತ್ರಿ ಪಿಸ್ತೂಲು ತೆಗೆಯುತ್ತಾನೆ. ತನಗೆ ಎಲ್ಲವೂ ಕೈಕೊಟ್ಟಂತೆ ಇದೂ ಕೈಕೊಡುತ್ತದೆ ಎಂದುಕೊಳ್ಳುತ್ತಾನೆ. ಕೈಕೊಡುವುದಿಲ್ಲ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಆ ಒಂದು ಹಗಲಿನ ಬಿಡುಗಡೆಯನ್ನು ನಾನು ಪ್ರೀತಿಯಿಂದ ಬರೆದಿದ್ದೆ. ಅಷ್ಟಾದರೂ ಅವನಿಗೆ ಸಿಕ್ಕಿತಲ್ಲ ಎಂದು.

ಮಗಳು ಆ ಪುಟಗಳನ್ನು ಪಕ್ಕಕ್ಕಿಟ್ಟಳು. ತಾತ ಸಾಯುವುದಕ್ಕೆ ಮುಂಚೆ ಲೂಯಿಸಿತೊ ಅವನಿಗೆ ತನ್ನ ಕೊನೆಯ ಕನಸನ್ನು ಹೇಳಿರುತ್ತಾನೆ. ತಾತನಿಗೆ ಇನ್ನು ಕೆಲಸ ಸಿಗುವುದಿಲ್ಲ, ಈ ಲೋಕದಲ್ಲಿ ಅವನಿಗೆ ಏನೂ ಇಲ್ಲ, ನನ್ನ ಬಳಿಗೆ ಬರುವುದೇ ಒಳ್ಳೆಯದು ಎಂದು ದೇವರು ಹೇಳಿದನೆಂದು. ವಿಯಾಮಿಲ್ ಅದನ್ನು ಅಪ್ಪಣೆಯಂತೆ ತೆಗೆದುಕೊಳ್ಳುತ್ತಾನೆ.

“ಆ ಹುಡುಗ ದೊಡ್ಡವನಾದ ಮೇಲೆ ಏನಂದ್ಕೋತಾನೆ ಅಪ್ಪಾ?” ಎಂದಳು. “ನಾನು ಹೇಳಿದ್ದಕ್ಕೇ ತಾತ ಹೋದ ಅಂತ ತಾನೇ?”

ಗಾಲ್ದೋಸ್ ಅದಕ್ಕೆ ಉತ್ತರ ಬರೆದಿಲ್ಲ. ನನ್ನಲ್ಲೂ ಇಲ್ಲ. ಕೊನೆಯ ದಿನದ ಅಧ್ಯಾಯವನ್ನು ತೆಗೆದಿಟ್ಟು, ಈ ಪ್ರಶ್ನೆಯಿಂದಲೇ ಅದನ್ನು ಹೊಸದಾಗಿ ಶುರುಮಾಡಿದ್ದೇನೆ.